ಮೊದಲು ಉಂಡವಳ ಸಿನೆಮಾ

ಗಡಹಿಂಗ್ಲಜ
೯ ಫೆಬ್ರುವರಿ ೨೦೨೫

ಕೇದಾರ ಅವರಿಗೆ,

ರುತುಜಾಳ ನಮಸ್ಕಾರ, ಅದರ ಬೆನ್ನಿಗೇ ಜಗಳ.

ಫೋನು ಇರುವಾಗ ಪತ್ರ ಯಾಕೆ ಎನ್ನುತ್ತೀರಿ. ನೀವು ಫೋನು ಎತ್ತುವುದು ಮಗ್ಗದ ಶೆಡ್ಡಿನಲ್ಲಿ ನಿಂತು. ನಾನು ಏನು ಹೇಳಿದರೂ "ಹಾಂ, ಹಾಂ, ಆಮ್ಯಾಗ ಮಾತಾಡೂಣು" ಅನ್ನುತ್ತೀರಿ. ಆ ಆಮ್ಯಾಗ ಎನ್ನುವುದು ಮದುವೆಯಾದಾಗಿನಿಂದ ಒಮ್ಮೆಯೂ ಬಂದಿಲ್ಲ. ಕಾಗದವಾದರೆ ಮಗ್ಗದ ಸದ್ದಿನಲ್ಲೂ ಓದಬಹುದು.

ಮೊನ್ನೆ ನೀವು ಹೇಳಿದ್ದು ಮಾತ್ರ ನನಗೆ ಸ್ಪಷ್ಟವಾಗಿ ಕೇಳಿಸಿತು. ಐದನೇ ತಿಂಗಳಿಗೆ ಪದ್ಧತಿಯಂತೆ ತೊಟ್ಟಿಲು, ಕೂಸು ತಗೊಂಡು ಇಚಲಕರಂಜಿಗೆ ಬಾ, ಆದರೆ ಮಾಳಿಗೆಯ ಮೇಲಿನ ಸಿನೆಮಾ ಬಂದ್. ಓಣಿಯ ಹೆಂಗಸರನ್ನು ಕೂಡಿಸಿ ಪರದೇಶದ ಚಿತ್ರ ತೋರಿಸುವುದು ಬಂದ್. "ಅವ್ವಗೂ ಅದು ಸೇರೂದಿಲ್ಲ" ಎಂದು ಕೊನೆಗೆ ಒಂದು ಮಾತು ಕೂಡಿಸಿದಿರಿ. ಅತ್ತೆಯ ಮಾತು ಸದ್ಯಕ್ಕೆ ಇರಲಿ. ಉಳಿದದ್ದಕ್ಕೆ ನನ್ನ ಉತ್ತರ: ಒಪ್ಪುವುದಿಲ್ಲ.

ಮೊದಲು ನಮ್ಮ ಓಣಿಯ ಸಾವಕ್ಕನ ವಿಷಯ ತೆಗೆದುಕೊಳ್ಳೋಣ. ನಾನು ಅವಳ ತಲೆ ಕೆಡಿಸಿದೆ ಎಂದು ನೀವು ಹೇಳುತ್ತಾ ಬಂದಿದ್ದೀರಿ. ನಡೆದದ್ದು ಇಷ್ಟು. ನಾನು ತವರಿಗೆ ಬರುವ ಮುಂಚೆ, ಮಗ್ಗಗಳಿಗೆ ರಜೆ ಇದ್ದ ಒಂದು ದಿನ ಐದಾರು ಮಂದಿ ಮಾಳಿಗೆಗೆ ಬಂದಿದ್ದರು. ಅತ್ತೆ ಮೆಟ್ಟಿಲ ಮೇಲೆ ಕುಳಿತು ಅಕ್ಕಿ ಹಸನು ಮಾಡುತ್ತಿದ್ದರು. ನಾನು ಟೀವಿಗೆ ಹಚ್ಚಿದ್ದು ಬೊಲಿವಿಯಾ ದೇಶದ ಒಂದು ಸಣ್ಣ ಸಿನೆಮಾ. ಉಪ್ಪು ತೆಗೆಯುವವರ ಊರು, ಅಲ್ಲೊಬ್ಬ ಹೆಂಗಸು. ಚಿತ್ರದ ಉದ್ದಕ್ಕೂ ಬಟಾಟೆ ಸುಲಿಯುತ್ತಾಳೆ, ನೀರು ಹೊರುತ್ತಾಳೆ, ಗಂಡನಿಗೂ ಮೈದುನರಿಗೂ ಬಡಿಸುತ್ತಾಳೆ, ಕಡೆಗೆ ಪಾತ್ರೆಯ ತಳ ಕೆರೆದು ತಾನು ಉಣ್ಣುತ್ತಾಳೆ. ಒಂದು ದಿನ ಗಡಿಗೆ ಇಳಿಸಿದವಳೇ ಮೊದಲು ತನಗೆ ಬಡಿಸಿಕೊಂಡು ಹೊಸ್ತಿಲ ಮೇಲೆ ಕೂರುತ್ತಾಳೆ. ಊದಿ ಊದಿ ಉಣ್ಣುತ್ತಾಳೆ, ಬೆರಳು ನೆಕ್ಕುತ್ತಾಳೆ. ಗಂಡಸರು ಬಂದು ಅಂಗಳದಲ್ಲಿ ನಿಲ್ಲುತ್ತಾರೆ. ಅವಳು ಏಳುವುದಿಲ್ಲ. ಕ್ಯಾಮೆರಾ ಕೂಡ ಕದಲುವುದಿಲ್ಲ. ಅಷ್ಟಕ್ಕೇ ಮುಗಿಯಿತು.

ಕೆಳಗೆ ಬರುವ ಇಂಗ್ಲಿಷ್ ಅಕ್ಷರಗಳನ್ನು ಓದಿ ನಾನು ಕನ್ನಡದಲ್ಲಿ ಹೇಳುತ್ತಾ ಹೋಗುವುದು ನಿಮಗೆ ಗೊತ್ತು. ಆ ದೃಶ್ಯದಲ್ಲಿ ಅಕ್ಷರವೇ ಬರಲಿಲ್ಲ, ನಾನೂ ಸುಮ್ಮನಾದೆ. ಯಾಕೆ ನಿಲ್ಲಿಸಿದಿ, ಮುಂದ ಹೇಳು ಎಂದಳು ಸಾವಕ್ಕ. ಯಾರೂ ಮಾತಾಡುತ್ತಿಲ್ಲ ಎಂದೆ. "ಹಂಗಾರ ನೀನೂ ಸುಮ್ಕಿರು, ಉಣ್ಣಾಕಿಗಿ ತ್ರಾಸ ಕೊಡಬ್ಯಾಡ" ಎಂದಳು.

ಮರುದಿನ ಅವಳು ಹಂಚಿನಿಂದ ಇಳಿದ ಮೊದಲ ಬಿಸಿ ರೊಟ್ಟಿಯನ್ನು ತನ್ನ ತಾಟಿಗೆ ಹಾಕಿಕೊಂಡು ಕೂತಳು. ಅವಳ ಗಂಡ ಸಾತಪ್ಪ, ನಿಮ್ಮ ಮಗ್ಗ ದುರಸ್ತಿ ಮಾಡುವ ಜಾಬರ್, ಕೈ ತೊಳೆದುಕೊಂಡು ಬಂದು ನಿಂತ. ಮೈಯಾಗ ಆರಾಮಿಲ್ಲೇನು ಎಂದು ಕೇಳಿದನಂತೆ. "ಆರಾಮ ಅದೀನಿ, ಅದಕ್ಕ ಉಣ್ಣಾಕತ್ತೇನಿ" ಅಂದಳಂತೆ. ಆತ ಸಿಟ್ಟಿನಿಂದ ಗೋಕುಳ ಶಿರಗಾಂವಿಗೆ, ಅಣ್ಣನ ಮನೆಗೆ ಹೋಗಿಬಿಟ್ಟ. ನಿಮ್ಮ ಮಗ್ಗಗಳು ನಿಂತವು. ನೀವು ಮಾಳಿಗೆ ಹತ್ತಿ ಬಂದು, ಏನ್ ತೋರಿಸಿದಿ ಆಕಿಗೆ ಎಂದು ಕೇಳಿದಿರಿ. ಒಬ್ಬಾಕಿ ಉಂಡದ್ದು ತೋರಿಸಿದೆ ಅಂದರೆ ನಂಬಲಿಲ್ಲ. ನೀವೇ ಸಿನೆಮಾ ಹಚ್ಚಿ, ಓಡಿಸಿ ಓಡಿಸಿ ಹೊಲಸು ದೃಶ್ಯ ಹುಡುಕಿದಿರಿ. ಸಿಗಲಿಲ್ಲ. ಅದಕ್ಕೆ ನಿಮಗೆ ಇನ್ನಷ್ಟು ಸಿಟ್ಟು ಬಂತು.

ಸಾತಪ್ಪ ವಾರದೊಳಗೆ ಮರಳಿ ಬಂದ, ಮಗ್ಗಗಳೂ ಓಡಿದವು. ಹಾಗಿದ್ದರೂ ಬಂದ್ ಯಾಕೆ? ಚಹಾದಂಗಡಿಯಲ್ಲಿ "ಶೇಟ್, ನಿಮ್ಮ ಮನ್ಯಾಗ ಮೊದಲ ಯಾರು ಉಣ್ತಾರು?" ಎಂದು ನಿಮ್ಮನ್ನು ಚೇಷ್ಟೆ ಮಾಡುತ್ತಾರೆ, ಅದಕ್ಕೆ. ಒಂದು ಚೇಷ್ಟೆಗೆ ಉತ್ತರ ಹೊಳೆಯಲಿಲ್ಲವೆಂದು ನನ್ನ ಟೀವಿ ಆರಿಸುತ್ತೀರಾ?

ನನ್ನದು ಶೋಕಿ ಎನ್ನುತ್ತೀರಿ. ನಮ್ಮ ಮನೆಯಲ್ಲಿ ಕೂತು ಹಿಂದಿ ಸಿನೆಮಾ ನೋಡಲು ಆಗುತ್ತದೆಯೇ, ನೀವೇ ಹೇಳಿ. ಕೆಳಗೆ ಮಗ್ಗಗಳ ಖಟಖಟ, ಮೇಲೆ ನಾಯಕನ ಬಾಯಿ ಮಾತ್ರ ಆಡುತ್ತಿರುತ್ತದೆ. ಜಪಾನಿನದೋ ಹಂಗೇರಿಯದೋ ಆದರೆ ಕೆಳಗೆ ಅಕ್ಷರ ಬರುತ್ತವೆ, ಮಗ್ಗ ಎಷ್ಟು ಬಡಿದರೂ ಕಥೆ ತಪ್ಪುವುದಿಲ್ಲ. ಕೊಲ್ಹಾಪುರದಲ್ಲಿ ಕಾಲೇಜಿಗಿದ್ದಾಗ ನಾನು ಈ ಚಿತ್ರಗಳನ್ನು ಜಾಣೆ ಎನಿಸಿಕೊಳ್ಳಲು ನೋಡುತ್ತಿದ್ದೆ, ನಿಜ. ಅವುಗಳ ಬಳಕೆ ತಿಳಿದದ್ದು ಮದುವೆಯಾಗಿ ನಿಮ್ಮ ಮಗ್ಗದ ಮೇಲೆ ಸಂಸಾರ ಹೂಡಿದ ನಂತರ.

ಪರದೇಶದ್ದೆಲ್ಲ ಬಂಗಾರ ಎಂದು ನಾನು ಹೇಳುವುದಿಲ್ಲ. ಬಹುಮಾನ ಬಂದ ಒಂದು ಚಿತ್ರದಲ್ಲಿ ಒದ್ದೆ ಗೋಡೆಯನ್ನು ಅದೆಷ್ಟು ಹೊತ್ತು ತೋರಿಸಿದರೆಂದರೆ, ಕೂಸು ಹುಟ್ಟಿದ ಮೇಲೆ ನನಗೆ ಬಂದ ಒಂದೇ ಗಟ್ಟಿ ನಿದ್ದೆ ಅವತ್ತಿನದು. ಬಡವರ ಮನೆಯನ್ನು ಅಂಚೆ ಚೀಟಿಯ ಹಾಗೆ ಚೆಂದ ಮಾಡಿ ಮಾರುವವರೂ ಇದ್ದಾರೆ, ಅವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಇತ್ತ ನಮ್ಮ ಸೀಮೆಯ ಹುಡುಗರು ಕಬ್ಬಿನ ಗಾಡಿಯವರ ಮೇಲೆ ಮಾಡಿದ ಮರಾಠಿ ಚಿತ್ರ ಎಷ್ಟು ಚೊಲೋ ಇತ್ತು! ಸ್ಟುಡಿಯೋಗಳಿದ್ದ ಊರು ಎಂದು ಹೆಮ್ಮೆಪಡುವ ಕೊಲ್ಹಾಪುರದಲ್ಲಿ ಅದಕ್ಕೆ ಸಿಕ್ಕಿದ್ದು ಬೆಳಗಿನ ಒಂದು ಆಟ. ಥೇಟರಿನ ಬಾಗಿಲಲ್ಲಿ ನಿಂತವನು ನನ್ನ ಬಸುರಿ ಹೊಟ್ಟೆ ನೋಡಿ, ತಾಯಿ, ದೊಡ್ಡ ಪಿಕ್ಚರ್ ಬಾಜೂಕ ಐತಿ ಎಂದು ದಾರಿ ತೋರಿಸಿದ. ನಾನು ಸಣ್ಣದಕ್ಕೇ ಬಂದಿದ್ದೇನೆ ಎಂದೆ.

ಏನೂ ಆಗದ ಸಿನೆಮಾ ಎಂದು ನಗುತ್ತೀರಿ. ಒಂದು ದಿನ ಕೂಸಿನ ಜೊತೆ ಇದ್ದು ನೋಡಿ. ಏನೂ ಆಗುವುದಿಲ್ಲ. ಸಂಜೆಗೆ ಕಾಲು ನಿಲ್ಲುವುದಿಲ್ಲ.

ಇನ್ನು ನಿಮ್ಮ ದೊಡ್ಡವ್ವ ಆಡಿದ ಮಾತು. ಬಸುರಿದ್ದಾಗ ಅಳುಮೋರೆ ಸಿನೆಮಾ ನೋಡಿದ್ದಕ್ಕೇ ಕೂಸು ನಿದ್ದೆಗೆಟ್ಟು ಅಳುತ್ತದೆ ಎಂದರು. ನಾನು ಬಿ.ಎ. ಓದಿದವಳು, ನಂಬಬಾರದಿತ್ತು. ನಂಬಿದೆ. ನಿದ್ದೆ ಇಲ್ಲದ ತಲೆ ಎಲ್ಲವನ್ನೂ ನಂಬುತ್ತದೆ. ನೋಡುವುದನ್ನೇ ಬಿಟ್ಟೆ. ಕೂಸಿನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುವುದೇ ಕೆಲಸವಾಯಿತು. ಅದನ್ನು ಎತ್ತಿಕೊಂಡು ಇಲ್ಲಿ ನಮ್ಮವ್ವನ ಮನೆಯ ಮಾಳಿಗೆ ಕಟ್ಟೆಯ ಹತ್ತಿರ ಹೋಗಲು ಹೆದರಿದೆ; ಜಾರಿ ಬೀಳುತ್ತದೆಂಬ ಹೆದರಿಕೆಯಲ್ಲ, ನನ್ನ ಕೈಯದೇ ಹೆದರಿಕೆ. ಇದನ್ನು ನಿಮಗೆ ಹೇಳಲಿಲ್ಲ. ಯಾರಿಗೂ ಹೇಳಲಿಲ್ಲ. ನಾವು ನೋಡುತ್ತ ಬೆಳೆದ ಸಿನೆಮಾಗಳಲ್ಲಿ ತಾಯಿ ಎಂದರೆ ಜೋಗುಳ ಹಾಡುವವಳು, ಕಣ್ಣೀರು ಹಾಕುವವಳು. ತನ್ನ ಕೈಗೆ ತಾನೇ ಅಂಜುವ ತಾಯಿಯನ್ನು ಯಾರೂ ತೋರಿಸಿರಲಿಲ್ಲ.

ಕೂಸಿಗೆ ಮೂರನೇ ತಿಂಗಳು ನಡೆದಾಗ, ಒಂದು ಮಧ್ಯಾಹ್ನ ಅದನ್ನು ಹಾಲಿಗೆ ಹಚ್ಚಿಕೊಂಡು ಮೊಬೈಲಿನಲ್ಲಿ ಟರ್ಕಿಯ ಒಂದು ಸಿನೆಮಾ ನೋಡಿದೆ. ಎತ್ತರದ ಮನೆಯಲ್ಲಿ ಒಬ್ಬ ಹಸಿ ಬಾಣಂತಿ. ತೊಟ್ಟಿಲನ್ನು ಕಿಟಕಿಯಿಂದ ದೂರ ಎಳೆಯುತ್ತಾಳೆ. ಕಿಟಕಿಯ ಚಿಲಕಕ್ಕೆ ದುಪಟ್ಟಾ ಬಿಗಿಯುತ್ತಾಳೆ, ಗಂಟು ಗಟ್ಟಿಯಿಲ್ಲವೆಂದು ಬಿಚ್ಚುತ್ತಾಳೆ, ಮತ್ತೆ ಬಿಗಿಯುತ್ತಾಳೆ. ಹಾಡಿಲ್ಲ, ಹಿನ್ನೆಲೆ ಸಂಗೀತವಿಲ್ಲ. ನಾನು ಮೊಬೈಲಿಗೆ, ನೀನೂ ಹಿಂಗೇನು ಎಂದು ಕೇಳಿದೆ.

ಅವತ್ತು ಸಂಜೆ ನಮ್ಮವ್ವನಿಗೆ ಎಲ್ಲ ಹೇಳಿಬಿಟ್ಟೆ. ಅಂತ್ರ ತಾಯಿತ ಕಟ್ಟಿಸುತ್ತಾಳೆ ಎಂದುಕೊಂಡಿದ್ದೆ. ಅವಳು ಬಾಣಂತಿಗೆಂದು ಅಂಟಿನ ಉಂಡೆ ಕಟ್ಟುತ್ತಿದ್ದ ಕೈ ಹಾಗೇ ನಿಲ್ಲಿಸಿದಳು. "ನೀ ಹುಟ್ಟಿದಾಗ ಈಳಗಿ ಕಂಡ್ರ ನನಗ ಕೈ ನಡಗತಿತ್ತವ್ವ. ಕಾಯಿಪಲ್ಯ ಎಲ್ಲಾ ನಿಮ್ಮಜ್ಜೀನ ಹೆಚ್ಚತಿದ್ಲು" ಎಂದಳು. ಅಷ್ಟು ವರ್ಷ ಒಂದೇ ಅಡುಗೆಮನೆಯಲ್ಲಿದ್ದು ನಾವಿಬ್ಬರೂ ಆಡದ ಮಾತು. ಅವಳೇ ಮರುದಿನ ನನ್ನನ್ನು ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಇದು ಬಾಣಂತಿಯರಿಗೆ ಬರುವ ಕಾಯಿಲೆ, ಕಡಿಮೆಯಾಗುತ್ತದೆ ಎಂದು ಅವರು ಔಷಧಿ ಕೊಟ್ಟಿದ್ದಾರೆ. ಈಗ ಕಟ್ಟೆಯ ಹತ್ತಿರ ನಿಲ್ಲುತ್ತೇನೆ. ಕೂಸಿಗೆ ಗಿಳಿ ತೋರಿಸುತ್ತೇನೆ. ನಿದ್ದೆ ಇನ್ನೂ ಪೂರ್ತಿ ಬಂದಿಲ್ಲ.

ನೀವು ಬಂದ್ ಮಾಡು ಎನ್ನುವುದು ಇದನ್ನು. ಸಾವಕ್ಕನಿಗೆ ಒಂದು ಬಿಸಿ ರೊಟ್ಟಿ ಸಿಕ್ಕಿದ್ದು, ನನಗೆ ನಮ್ಮವ್ವ ಸಿಕ್ಕಿದ್ದು ಇಂಥ ಸಿನೆಮಾದಿಂದ. ಅದನ್ನು ಬಿಟ್ಟು ಬಂದರೆ ಆ ಮಾಳಿಗೆಯ ಮೇಲೆ ನಾನು, ಕೂಸು, ಮಗ್ಗದ ಸದ್ದು, ಅಷ್ಟೇ ಉಳಿಯುವುದು. ಅದು ನನ್ನಿಂದ ಆಗುವುದಿಲ್ಲ. ಹಟಕ್ಕೆ ಹೇಳುತ್ತಿಲ್ಲ, ಹಟವೂ ಇದೆ.

ಹಾಗಾಗಿ ನನ್ನ ಮಾತು ಕೇಳಿ. ತೊಟ್ಟಿಲು ಹೊರಲು ಆಳು ಕಳಿಸಬೇಡಿ, ನೀವೇ ಬನ್ನಿ. ನಾವು ಬರುತ್ತೇವೆ. ಮಗ್ಗದ ಮುಂದಿನ ರಜೆಗೆ ಮಾಳಿಗೆಯ ಮೇಲೆ ಅದೇ ಸಿನೆಮಾ ಹಚ್ಚುತ್ತೇನೆ. ಸಾತಪ್ಪನನ್ನೂ ಕರೆಯಿರಿ. ನೀವು ಮುಂದಿನ ಸಾಲಿನಲ್ಲಿ ಕೂತು, ಒಂದು ಕಡೆಯೂ ಓಡಿಸದೆ, ಅವಳು ಉಂಡು ಮುಗಿಸುವ ತನಕ ನೋಡಬೇಕು. ನೋಡಿದ ಮೇಲೆ ಬೈಯಿರಿ, ಕೇಳುತ್ತೇನೆ. ನೋಡದೆ ಬೈದರೆ ಕೇಳುವುದಿಲ್ಲ. ಒಪ್ಪಿಗೆ ಇಲ್ಲವಾದರೆ ತೊಟ್ಟಿಲು ಗಡಹಿಂಗ್ಲಜದಲ್ಲೇ ತೂಗುತ್ತದೆ.

ಕೂಸು ಎದ್ದಿತು. ಅದಕ್ಕೆ ನಿಮ್ಮದೇ ಹುಬ್ಬು, ಸಿಟ್ಟಿಗೆದ್ದಾಗ ಎರಡೂ ಕೂಡುತ್ತವೆ.

ನಿಮ್ಮವಳೇ, ಆದರೆ ಒಪ್ಪದವಳು,
ರುತುಜಾ

ತಾ.ಕ.: ನಿಮ್ಮ ತಂಗಿಯ ಮನೆಗೆಂದು ಶಿರೋಳದ ಬಸ್ಸು ಹತ್ತಿದ ಅತ್ತೆ ಶಿರೋಳಕ್ಕೆ ಹೋಗಿಲ್ಲ. ಗುರುವಾರದಿಂದ ನಮ್ಮ ಪಡಸಾಲೆಯಲ್ಲಿ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಾರೆ. ಮೊನ್ನೆ ನಿಮ್ಮ ಫೋನು ಬಂದಾಗಲೂ ಪಕ್ಕದಲ್ಲೇ ಇದ್ದರು. ನನಗ ಸೇರೂದಿಲ್ಲಂತ ಅಂವಗ ಯಾರು ಹೇಳಿದ್ರು, ನನ್ನ ಬಾಯಿ ಏನು ಸತ್ತೈತೇನು ಎಂದರು. ತೊಟ್ಟಿಲು ಬಂದ ದಿನವೇ ತಾವೂ ಬರುವವರಂತೆ, ಅಲ್ಲಿವರೆಗೆ ನಿಮ್ಮ ಅಡುಗೆ ನೀವೇ ನೋಡಿಕೊಳ್ಳಬೇಕಂತೆ. ಈ ಪತ್ರವನ್ನು ಮೊದಲಿನಿಂದ ಕಡೆಯವರೆಗೆ ಅವರಿಗೆ ಓದಿ ಹೇಳಿದೆ. "ಭಾಳ ಮೆತ್ತಗ ಬರದಿ" ಎಂದರು.