ಎಡಗೈ ಹಾಗೇ ಉಳಿಯಿತು

ಮುಂಬೈ, ನವೆಂಬರ್ ೧೯೫೬

ಸೌಭಾಗ್ಯವತಿ ಗದಿಗೆವ್ವನಿಗೆ,

ಅಕ್ಷರ ನೋಡಿ ಬೇರೆ ಯಾರೋ ಬರೆದದ್ದು ಅಂದುಕೊಳ್ಳಬೇಡ. ನಾನೇ ಬರೆದೆ, ಬಲಗೈಯಿಂದ. ಇದನ್ನು ಮಗಳು ಸುಮಿತ್ರವ್ವನ ಕೈಯಲ್ಲಿ ಓದಿಸಬೇಡ, ನನ್ನ ಮಾನ ಹೋಗುತ್ತದೆ. ನೀನೇ ಅಕ್ಷರ ಕೂಡಿಸಿಕೊಂಡು ನಿಧಾನ ಓದು.

ನನ್ನ ನಡುಕದ ಬೇರು ಕೈಯಲ್ಲಿಲ್ಲವಂತೆ. ಮೆದುಳಿನ ಆಳದಲ್ಲಿ ಬಾದಾಮಿ ಬೀಜದಂಥ ಗಂಟಿನಲ್ಲಿದೆಯಂತೆ. ಪಾರ್ಕಿನ್ಸನ್ ಅಂತ ರೋಗದ ಹೆಸರು. ತಲೆಬುರುಡೆ ಕೊರೆದು, ಅಲ್ಲಿಯವರೆಗೆ ಸೂಜಿ ಇಳಿಸಿ, ಮದ್ದು ಬಿಟ್ಟು ಅದನ್ನು ಸುಡುತ್ತಾರೆ. ಎಡಗಡೆ ಸುಟ್ಟರೆ ಬಲಗೈ ನಿಲ್ಲುತ್ತದೆ, ಬಲಗಡೆ ಸುಟ್ಟರೆ ಎಡಗೈ. ಎರಡೂ ಕಡೆ ಮಾಡಿದರೆ ಮಾತೇ ಹೋದೀತು, ಒಂದೇ ಕೈ ಎಂದು ಗದಗಿನ ಡಾಕ್ಟರೂ ಹೇಳಿದ್ದರಲ್ಲ.

ಸ್ಟೇಶನ್ನಿನಲ್ಲಿ ನೀನು ಅಂದಿದ್ದೆ: "ಎಡಗೈನ ಕೇಳ್ರಿ. ಲಿಂಗ ಹಿಡಿಯೋ ಕೈ ಅದು." ನಾನು ಹೂಂ ಅಂದಿದ್ದೆ. ಇಲ್ಲಿ ಬಂದು ಬಲಗೈ ಕೇಳಿದೆ.

ಎಚ್ಚರವಿದ್ದಾಗಲೇ ಸೂಜಿ ಇಳಿಸಿದರು. ಕೈ ಎತ್ತಿ ಹಿಡಿ ಎಂದರು. ಕುಣಿಯುತ್ತಿದ್ದ ಬೆರಳುಗಳು ಒಮ್ಮೆಲೇ ನಿಂತವು. ನಾನು ಅತ್ತೆ. ಸಂತೋಷಕ್ಕೆ ಅಂದುಕೊಂಡು ಡಾಕ್ಟರು ಭುಜ ಸವರಿದರು. ಗದಿಗೆವ್ವಾ, ನಾನು ಅತ್ತದ್ದು ನಾಚಿಕೆಗೆ.

ಅರಿವೆ ಅಂಗಡಿಯಲ್ಲಿ ಕತ್ತರಿ ಹಿಡಿಯಬೇಕು, ಅದಕ್ಕೆ ಬಲಗೈ ಎಂದು ಎಲ್ಲರಿಗೂ ಹೇಳಿದ್ದೇನೆ. ಸುಳ್ಳು. ಆ ಮುಂಜಾನೆ ಪೂಜೆಯಲ್ಲಿ ಇಷ್ಟಲಿಂಗ ನನ್ನ ಅಂಗೈಯಿಂದ ಜಾರಿದಾಗ ನೀನು ಸೆರಗೊಡ್ಡಿ ಹಿಡಿದೆ. ನೆಲಕ್ಕೆ ಬಿದ್ದಿದ್ದರೆ ಯಾವ ಮುಖ ಹೊತ್ತು ಬದುಕುತ್ತಿದ್ದೆ? ನೀನು ಯಾರ ಮುಂದೂ ಬಾಯಿಬಿಡಲಿಲ್ಲ. "ನೀವು ಹಿಡೀರಿ, ನಾ ಕೆಳಗ ಕೈ ಕೊಡ್ತೀನಿ" ಅಂದೆ. ಅಂದಿನಿಂದ ದಿನಾ ನನ್ನ ಅಂಗೈ ಕೆಳಗೆ ನಿನ್ನ ಅಂಗೈ.

ಇಷ್ಟು ವರ್ಷದ ಸಂಸಾರದಲ್ಲಿ ಹಗಲು ಹೊತ್ತು ನಿನ್ನ ಕೈ ಹಿಡಿದವನಲ್ಲ ನಾನು. ಹಿರಿಯರೋ, ಮಕ್ಕಳೋ, ಗಿರಾಕಿಯೋ, ಯಾರಾದರೂ ಎದುರಿಗಿರುತ್ತಿದ್ದರು. ಈ ಹಾಳು ರೋಗ ಬಂದ ಮೇಲೆ ನಿನ್ನ ಕೈ ಸಿಕ್ಕಿತು. ಎಡಗೈ ನೆಟ್ಟಗಾದರೆ ನೀನು ಕೈ ತೆಗೆದುಬಿಡುತ್ತೀ ಎಂದು ಹೆದರಿದೆ. ಪೂಜೆಗೆ ಕೂತು ಹೆಂಡತಿಯ ಕೈಗೆ ಆಸೆಪಟ್ಟವನು ನಾನು. ಮಠದ ಅಜ್ಜನವರ ಮುಂದೆ ಹೇಗೆ ನಿಲ್ಲಲಿ?

ನಾನು ಹಾಸಿಗೆಯಿಂದ ಏಳುವಷ್ಟರಲ್ಲಿ ನಮ್ಮ ಮುಂಡರಗಿ ಮುಂಬೈ ರಾಜ್ಯ ಬಿಟ್ಟು ಮೈಸೂರು ಸೇರಿತಂತೆ. ಊರು ಯಾವ ರಾಜ್ಯದಲ್ಲಾದರೂ ಇರಲಿ, ಬರುವ ವಾರ ಬರುತ್ತೇನೆ. ಬೈಯುವುದಿದ್ದರೆ ಬೈ. ಬೈದಾದ ಮೇಲೆ ಪೂಜೆಗೆ ಪಕ್ಕದಲ್ಲಿ ಕೂಡು. ಎಡಗೈ ಇನ್ನೂ ನಡುಗುತ್ತಿದೆ.

ಬಸವಣ್ಣ ನಿನ್ನ ಕೈ ಗಟ್ಟಿ ಇಟ್ಟಿರಲಿ.

ನಿನ್ನ
ಚನ್ನಬಸವಣ್ಣ