ಸಂತೆ ಬಯಲಿನ ನೂರು ಹಾಸಿಗೆ

ಹಿರೇಕಣವಿ,
ಫೆಬ್ರವರಿ ೩೦, ೨೧೮೭

ಹಿರೇಕಣವಿಯಲ್ಲಿ ನಮಗಿಂತ ಬಹಳ ಮೊದಲು ಬಾಳುತ್ತಿರುವ ಹಿರಿಯರಿಗೆ ನೀಲಗಂಗಾ ಕಡೇಮನಿಯ ನಮಸ್ಕಾರಗಳು.

ಮೇಲಿನ ತಾರೀಖು ಕಂಡು ಕೈತಪ್ಪು ಎಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೆ ಮೂವತ್ತು ದಿನ. ಫೆಬ್ರವರಿ ಕಳೆಯುವುದರೊಳಗೆ ಎಲ್ಲ ಕಾಮಗಾರಿ ಮುಗಿಸುತ್ತೇವೆ ಎಂದು ಸರ್ಕಾರ ಒಂದು ಬಜೆಟ್‌ನಲ್ಲಿ ಮಾತು ಕೊಟ್ಟಿತ್ತು. ಕೆಲಸ ಮುಗಿಯಲಿಲ್ಲ, ಹಾಗಾಗಿ ತಿಂಗಳನ್ನೇ ಉದ್ದ ಮಾಡಿದರು. ನನ್ನ ಕೆಲವು ಮಾತುಗಳು ನಿಮ್ಮ ಕಿವಿಗೆ ವಿಚಿತ್ರವಾಗಿ ಬೀಳಬಹುದು, ಅದಕ್ಕೆ ಕ್ಷಮೆ ಇರಲಿ. ಅವನ್ನು ಬಂದಲ್ಲೇ ಬಿಡಿಸಿ ಹೇಳುತ್ತೇನೆ.

ನಾನು ಸೋಸುಗಾರ್ತಿ. ಅಂದರೆ ರಾಜ್ಯದ ಬಜೆಟ್ ಬಂದಾಗ ಅದನ್ನು ಪೂರ್ತಿ ಓದಿ, ಅದರಲ್ಲಿ ನಮಗೆ ನಿಜವಾಗಿ ಬರುವುದೇನು ಎಂದು ಊರವರಿಗೆ ತಿಳಿಸುವವಳು. ಅವರು ನನಗೆ ಜೋಳ, ಶೇಂಗಾ ಕೊಡುತ್ತಾರೆ. ಈ ಕೆಲಸ ಮಾಡಿ ಮಾಡಿ ನನಗೆ ಯಾರ ಮಾತಿನ ಮೇಲೂ ನಂಬಿಕೆ ಉಳಿದಿಲ್ಲ. ಹಾಲು ಹಾಕುವವನು ಗಟ್ಟಿ ಹಾಲು ಎಂದರೂ ಅವನ ಮುಖ ನೋಡುತ್ತೇನೆ. ಬಜೆಟ್‌ನಲ್ಲಿ ದೊಡ್ಡ ಮೊತ್ತ ಕೇಳಿದರೆ, ಎಷ್ಟು ವರ್ಷದ್ದನ್ನು ಒಟ್ಟಿಗೆ ಕೂಡಿಸಿ ಹೇಳುತ್ತಿದ್ದಾರೆ ಎಂದು ನೋಡುತ್ತೇನೆ. ಹೊಸ ಯೋಜನೆ ಎಂದರೆ, ಹೋದ ವರ್ಷ ಅದಕ್ಕೆ ಯಾವ ಹೆಸರಿತ್ತು ಎಂದು ಹುಡುಕುತ್ತೇನೆ. ‘ಹಂತ ಹಂತವಾಗಿ’ ಎಂಬ ಮಾತು ಬಂತೆಂದರೆ ನನ್ನ ಚಪ್ಪಲಿ ಬಿಟ್ಟ ಜಾಗದಲ್ಲೇ ಇದೆಯೇ ಎಂದು ತಿರುಗಿ ನೋಡುತ್ತೇನೆ. ಎಲ್ಲಕ್ಕೂ ಮೊದಲು ನಾನು ತೆರೆಯುವುದು, ಹೋದ ಸಲ ಹೇಳಿದ್ದರಲ್ಲಿ ಖರ್ಚಾದದ್ದು ಎಷ್ಟು ಎಂಬ ಪುಟವನ್ನು. ಆ ಪುಟ ವರ್ಷದಿಂದ ವರ್ಷಕ್ಕೆ ಹಿಂದಕ್ಕೆ ಹೋಗುತ್ತಿದೆ, ಅಕ್ಷರವೂ ಸಣ್ಣದಾಗುತ್ತಿದೆ.

ನಿಮ್ಮ ಕಾಲದಲ್ಲಿ ಬಜೆಟ್ ಭಾಷಣಕ್ಕೆ ಶಾಸಕರು ಮೇಜು ಕುಟ್ಟುತ್ತಿದ್ದರಂತೆ. ನಮ್ಮಲ್ಲಿ ಆ ಕೆಲಸವನ್ನು ಜನರಿಗೇ ವಹಿಸಿ, ಮನೆಮನೆಗೂ ಒಂದು ಕುಟ್ಟುಹಲಗೆ ಕೊಟ್ಟಿದ್ದಾರೆ. ಭಾಷಣದ ದಿನ ಮನೆ ಮುಂದಿನ ಕಟ್ಟೆಯ ಮೇಲೆ ಕೂತು, ನಮ್ಮೂರಿನ ಹೆಸರು ಬಂದಾಗ ಅದನ್ನು ಕುಟ್ಟಬೇಕು. ಕುಟ್ಟಿದರೆ, ಘೋಷಿಸಿದ್ದನ್ನು ಊರು ಪಡೆದುಕೊಂಡಿತು ಎಂದು ಅರ್ಥ. ಆಮೇಲೆ ತಾಲ್ಲೂಕು ಕಚೇರಿಯಿಂದ ಇರವುಪತ್ರ ಬರುತ್ತದೆ. ಆ ವಸ್ತು ಈ ಊರಿನಲ್ಲಿ ಇದೆ ಎಂದು ಸರ್ಕಾರ ಹೇಳುವ ಮಾತು ಅದು. ಜನರಿಗೆ ಅವತ್ತು ಹಬ್ಬ, ಮನೆಮನೆಯಲ್ಲಿ ಮಾದಲಿ ಮಾಡುತ್ತಾರೆ. ಊರಿನ ಹೆಸರು ಬಂತಲ್ಲ ಎಂಬ ಖುಷಿಯಲ್ಲಿ, ಏನು ಕೊಟ್ಟರು ಎಂದು ಯಾರೂ ಕೇಳಿಸಿಕೊಳ್ಳುವುದಿಲ್ಲ. ಆ ಸದ್ದಿನಲ್ಲಿ ಕೇಳಿಸುವುದೂ ಇಲ್ಲ.

ಹೀಗೆ ಕುಟ್ಟಿ ಕುಟ್ಟಿ ನಾವು ಉಳಿಸಿಕೊಂಡು ಬಂದಿರುವುದು ನೂರು ಹಾಸಿಗೆಯ ತಾಯಿ ಮಕ್ಕಳ ಆಸ್ಪತ್ರೆ. ಇರವುಪತ್ರದ ಪ್ರಕಾರ ಅದು ಸಂತೆ ಬಯಲಿನಲ್ಲಿದೆ. ಸಂತೆ ಬಯಲಿನಲ್ಲಿ ಇರುವುದು ಬೇವಿನ ಮರಗಳು ಮತ್ತು ಕಾಶೀಂಬಿಯ ಬಳೆ ಅಂಗಡಿ. ನಾನು ಹಳೆಯ ಬಜೆಟ್‌ಗಳನ್ನು ಹಿಂದಹಿಂದಕ್ಕೆ ಓದುತ್ತಾ ಹೋದೆ. ಹೋದ ವರ್ಷ ಆಸ್ಪತ್ರೆಗೆ ಸುಣ್ಣಬಣ್ಣ. ಅದಕ್ಕೂ ಹಿಂದೆ ಛಾವಣಿ ದುರಸ್ತಿ. ಅದಕ್ಕೂ ಹಿಂದೆ ಮೇಲ್ದರ್ಜೆಗೆ ಏರಿಸಿದ್ದರು. ಇನ್ನೂ ಹಿಂದೆ ಬೇರೊಬ್ಬರ ಹೆಸರಿಟ್ಟು ಮತ್ತೊಮ್ಮೆ ಘೋಷಿಸಿದ್ದರು. ಕಟ್ಟಿದ ವರ್ಷ ಮಾತ್ರ ಎಲ್ಲೂ ಇಲ್ಲ. ಆಸ್ಪತ್ರೆ ಕಟ್ಟುತ್ತೇವೆ ಎಂಬ ಮೊದಲ ಮಾತು ಇರುವುದು ನಿಮ್ಮ ಕಾಲದ ಬಜೆಟ್‌ನಲ್ಲಿ. ಅವತ್ತು ನೀವು ಪಟಾಕಿ ಹೊಡೆದಿರಂತೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಬರೀ ತಮಾಷೆಯಾಗಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ನನ್ನ ತಂಗಿ ಸುಗಲಾ ತುಂಬಿದ ಬಸುರಿ. ಹೋದ ಸಲದ ಹೆರಿಗೆಗೆ ಅವಳಿಗೆ ನೋವು ಬಂದಾಗ ದೂರದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆವು. ಊರಿನಲ್ಲಿ ಆಸ್ಪತ್ರೆ ಇರುವವರನ್ನು ಬೇರೆ ಕಡೆ ಸೇರಿಸಿಕೊಳ್ಳಬಾರದು ಎಂಬುದು ನಮ್ಮ ಕಾಲದ ನಿಯಮ. ಬಾಗಿಲಲ್ಲಿದ್ದವನು ಊರಿನ ಹೆಸರು ಕೇಳಿ, “ನಿಮ್ಮೂರಾಗ ನೂರು ಹಾಸಗಿ ಅದಾವಲ್ಲರಿ, ಇಲ್ಲಿಗ್ಯಾಕ ಬಂದ್ರಿ?” ಎಂದ. “ಬೇವಿನ ಗಿಡದ ನೆಳ್ಳ ಬಿಟ್ಟರ ಅಲ್ಲಿ ಏನೂ ಇಲ್ಲೋ ಯಪ್ಪಾ” ಎಂದು ನಮ್ಮವ್ವ ಅವನ ಕಾಲು ಹಿಡಿದಳು. ಅವನು ಇರವುಪತ್ರದ ಪ್ರತಿ ತೋರಿಸಿದ. ತಿರುಗಿ ಬರುವಾಗ ದಾರಿಯಲ್ಲೇ ಕೂಸು ಹುಟ್ಟಿತು, ಅಳಲಿಲ್ಲ. ಮನೆಗೆ ಬಂದ ಮೇಲೆ ಅವ್ವ ಕುಟ್ಟುಹಲಗೆಯನ್ನು ಒಡೆದು ಒಲೆಗೆ ಹಾಕಿದಳು. ನನಗೆ ಇವತ್ತಿಗೂ ಆ ಸಿಟ್ಟು ಇಳಿದಿಲ್ಲ.

ಈ ಸಲದ ಬಜೆಟ್‌ನಲ್ಲಿ ಹಿಂದಂಚೆ ಎಂಬುದೊಂದು ಬಂದಿದೆ. ಆಗಿಹೋದ ಕಾಲದವರಿಗೆ ಪತ್ರ ಮುಟ್ಟಿಸುವ ಸೇವೆಯಂತೆ. ತಾಲ್ಲೂಕು ಕಚೇರಿಯ ಗೋಡೆಗೆ ಕೆಂಪು ಡಬ್ಬಿಯೊಂದನ್ನು ಜಡಿದಿದ್ದಾರೆ. ಅದಕ್ಕೆ ಇರವುಪತ್ರವೂ ಇದೆ, ಹಾಗಾಗಿಯೇ ನನಗೆ ಅನುಮಾನ. ನಿನ್ನೆ ಹೋಗಿ ಒಳಗೆ ಕೈ ಹಾಕಿ ನೋಡಿದೆ, ತಳ ಸಿಗಲಿಲ್ಲ. ಅದು ನಿಮ್ಮ ಕಾಲಕ್ಕೆ ಹೋಗುವ ದಾರಿಯೋ, ತಳಕ್ಕೆ ತಗಡು ಹಾಕುವಷ್ಟರಲ್ಲಿ ಅನುದಾನ ಮುಗಿಯಿತೋ ತಿಳಿಯಲಿಲ್ಲ. ಡಬ್ಬಿ ಕಾಯುವ ಅಂಬಣ್ಣನನ್ನು ವಿಚಾರಿಸಿದೆ. “ಹಾಕವ್ವ ನೀ, ಹಾಕಿದ್ದು ಇಲ್ಲೀತನ ಒಂದೂ ವಾಪಸ್ ಬಂದಿಲ್ಲ” ಎಂದು ಹೆಮ್ಮೆಯಿಂದ ಹೇಳಿದ.

ಈ ಪತ್ರ ನಿಮ್ಮ ಕೈಗೆ ಬಂದಿದ್ದರೆ ನಮ್ಮ ಬಜೆಟ್‌ನ ಒಂದು ಮಾತಾದರೂ ನಿಜವಾಯಿತು. ಹಾಗಿದ್ದರೆ ನನ್ನದೊಂದು ಬೇಡಿಕೆ. ಹಿರೇಕಣವಿಯ ಹೆಸರು ಬಂದಾಗ ಖುಷಿಪಡಿ, ಬೇಡ ಎನ್ನುವುದಿಲ್ಲ. ಆದರೆ ವರ್ಷ ತಿರುಗಿದ ಮೇಲೆ ನಾಲ್ಕು ಜನ ಸೇರಿ ಸಂತೆ ಬಯಲಿಗೆ ಹೋಗಿ ನಿಲ್ಲಿ. ಬುನಾದಿ ಕಾಣದಿದ್ದರೆ ಗಟ್ಟಿಯಾಗಿ ಕೇಳಿ. ಮೇಲ್ದರ್ಜೆಗೆ ಏರಿಸುತ್ತೇವೆ ಎಂದು ಬಂದವರನ್ನು ಕೈಹಿಡಿದು ಅಲ್ಲಿಗೆ ಕರೆದೊಯ್ದು, ಏರಿಸುವುದು ಯಾವುದನ್ನು, ತೋರಿಸಿ ಎನ್ನಿ. ಕೊಟ್ಟವರನ್ನು ಕೇಳುವುದು ಹೇಗೆ ಎಂದು ಸಂಕೋಚಪಡಬೇಡಿ. ನೀವು ಸಂಕೋಚಪಟ್ಟಿರಿ ಎಂದೇ ನನ್ನ ಅನುಮಾನ. ನಿಮ್ಮ ಮೇಲೂ ನನಗೆ ಪೂರ್ತಿ ನಂಬಿಕೆ ಇಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಸುಗಲಾಳಿಗೆ ಬೆಳಗಿನಿಂದ ಸೊಂಟ ಹಿಡಿದುಕೊಂಡಿದೆ. ಪತ್ರ ಹಾಕಿ ನೇರವಾಗಿ ಸಂತೆ ಬಯಲಿಗೆ ಹೋಗುತ್ತೇನೆ. ನೀವು ಕೇಳಿದ್ದರೆ ಅಲ್ಲಿ ಆಸ್ಪತ್ರೆ ಇರುತ್ತದೆ, ಹಳೆಯದಾಗಿ, ಬಣ್ಣ ಮಾಸಿ, ಮೊದಲಿನಿಂದಲೂ ಇದ್ದ ಹಾಗೆ. ಆದರೂ ಗಾಡಿಯವನಿಗೆ ಹೇಳಿಟ್ಟಿದ್ದೇನೆ. ಇಷ್ಟು ವರ್ಷಗಳಲ್ಲಿ ಯಾವ ಬಜೆಟ್‌ನಲ್ಲೂ ಹೆಸರು ಬಾರದ ಊರೊಂದನ್ನು ಹುಡುಕಿಟ್ಟಿದ್ದೇನೆ. ದೊಡ್ಡಾಸ್ಪತ್ರೆಯ ಬಾಗಿಲಲ್ಲಿ ಕೇಳಿದರೆ, ನಾವು ಆ ಊರಿನವರು ಎಂದು ಹೇಳಲು ಅವ್ವನಿಗೆ ಕಲಿಸಿದ್ದೇನೆ.

ನಿಮ್ಮ ಊರಿನವಳೇ ಆದ,
ನೀಲಗಂಗಾ