ಮೂರನೆಯ ತೂತಿನ ಟ್ಯಾಪೆಟ್

ಶೆಡ್ಡಿನ ಅಟ್ಟದಿಂದ,
ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಗಿರಬೇಕು, ಕಂಪನಿಯ ರೇಸ್ ಟೀಮಿನಲ್ಲಿ ಕಾರಿನ ಕೆಳಗೆ ತೆವಳುವ ಕೆಲಸ ಬೇರೆಯವರದಲ್ಲವೇ. ಅಮ್ಮನ ಮಂಡಿನೋವು ಹಾಗೇ ಇದೆ, ಅಪ್ಪನ ಕೆಮ್ಮೂ ಹಾಗೇ ಇದೆ. ‘ಪ್ರೀತಿಯ’ ಎಂದು ಬರೆದದ್ದು ಅಮ್ಮನ ಬಲವಂತಕ್ಕೆ.

ನೀನು ಅರ್ಧಕ್ಕೆ ಬಿಟ್ಟುಹೋದ ಇಂಜಿನ್ ಮುಗಿಯುತ್ತಾ ಬಂದಿದೆ. ಗುಜರಿಯಿಂದ ತಂದ ಟ್ಯಾಕ್ಸಿ ಇಂಜಿನ್ನಿನಲ್ಲಿ ರೇಸಾ ಎಂದು ನಿನ್ನ ಹೊಸ ಗೆಳೆಯರು ನಕ್ಕರಂತೆ. ನಗಲಿ. ಹಳೆಯ ವಾಲ್ವುಗಳನ್ನು ಉಜ್ಜಿ ಕೂರಿಸಿ ಮೇಲೆ ಸೀಮೆಎಣ್ಣೆ ಸುರಿದೆ. ಒಂದು ಹನಿಯೂ ಸೋರಲಿಲ್ಲ. ಸ್ಪ್ರಿಂಗುಗಳನ್ನು ಎರಡೆರಡಾಗಿ ವೈಸಿನಲ್ಲಿ ಒತ್ತಿ, ಮೊದಲು ಕುಗ್ಗಿದ್ದನ್ನು ಬದಿಗೆಸೆದೆ. ಭಾನುವಾರ ನಿಮ್ಮ ಟೀಮಿನೆದುರು ರೇಸಿನಲ್ಲಿ ಕಾರು ಓಡಿಸುವವಳೂ ನಾನೇ. ಲೇತ್ ಮಾವ ನೀನಿಟ್ಟ ಹೆಸರು ಹಿಡಿದೇ ಕೆಣಕುತ್ತಾನೆ: “ಏನಮ್ಮಾ ಕರಪತ್ರ, ಕ್ರಾಂತಿ ಎಷ್ಟು ಸ್ಪೀಡಲ್ಲಿ ಬರುತ್ತೆ?” “ನಿಮ್ಮ ಲೇತಿಗಿಂತ ಬೇಗ ಬರುತ್ತೆ ಮಾವಾ” ಅಂದೆ.

ಸವೆದದ್ದನ್ನು ಎಸೆಯಿರಿ, ಹೊಸದನ್ನು ಕೊಳ್ಳಿರಿ ಎಂಬುದು ಮಾರುವವನ ಶಾಸ್ತ್ರ. ಯಂತ್ರವನ್ನೂ ಮನುಷ್ಯನನ್ನೂ ಅವನು ಒಂದೇ ಕಣ್ಣಿನಿಂದ ನೋಡುತ್ತಾನೆ. ಅಪ್ಪನನ್ನು ಕೆಲಸದಿಂದ ತೆಗೆದಾಗ ಕಂಪನಿ ಹೇಳಿದ್ದೂ ಅದನ್ನೇ. ಅವರು ಎಸೆದದ್ದರಿಂದಲೇ ಅವರ ಹೊಸದನ್ನು ಹಿಂದೆ ಹಾಕಬೇಕು ಎಂದು ಈ ಕೆಲಸ ಶುರುಮಾಡಿದವನು ನೀನು. ಈಗ ಅವರದೇ ಅಂಗಿ ತೊಟ್ಟಿದ್ದೀಯ. ಉಂಡ ಮನೆಯ ಗಳ ಎಣಿಸುವವರನ್ನು ಕೇಳಿ ಬಲ್ಲೆ. ನೀನು ಗಳವನ್ನೇ ಕಿತ್ತುಕೊಂಡು ಹೋದೆ.

ಇಂಜಿನ್ ಬಿಚ್ಚಿದ ದಿನ ಹಲಗೆಗೆ ತೂತು ಕೊರೆದು, ತಿರುಗುವ ಕ್ಯಾಮಿಗೂ ವಾಲ್ವಿಗೂ ನಡುವೆ ಕೂರುವ ಟ್ಯಾಪೆಟ್ಟುಗಳನ್ನು ಸಾಲಾಗಿ ನಿಲ್ಲಿಸಿದವನೂ ನೀನೇ. “ಇವು ಬೆರೀಬಾರ್ದು ಕಣೇ. ಯಾವ ಕ್ಯಾಮಿನ ಜೊತೆ ಸವೆದಿದೆಯೋ ಅದರ ಮೇಲೇ ಕೂರ್ಬೇಕು. ಪರಕೀಯನ್ನ ಕೂರಿಸಿದ್ರೆ ಒಂದನ್ನೊಂದು ತಿಂದು ಹಾಕ್ತವೆ” ಅಂದಿದ್ದೆ. ಹೋದ ವಾರ ಹಲಗೆಯ ಮೇಲಿನ ಬಟ್ಟೆ ತೆಗೆದರೆ ಮೂರನೆಯ ತೂತು ಖಾಲಿ. ಈ ಇಂಜಿನ್ನಿಗೆ ಹೊಸದು ಎಲ್ಲೂ ಸಿಗುವುದಿಲ್ಲ. ಗುಜರಿಯವನು “ತಗೋ, ಇದೂ ಅದೇ ಅಳತೆ” ಎಂದು ಇನ್ನೊಂದನ್ನು ಕೊಟ್ಟ. ಅಳತೆ ಅದೇ, ಸವೆತ ಬೇರೆ. ವಾಪಸ್ ಕೊಟ್ಟೆ.

ಆಮೇಲೆ ಅಮ್ಮ ನೀನು ಕಳಿಸಿದ ಫೋಟೋ ತೋರಿಸಿದಳು. ಹೊಸ ಮೇಜು, ಮೇಜಿನ ಮೇಲೆ ಕಾಗದ, ಕಾಗದ ಹಾರದಂತೆ ಒಂದು ಟ್ಯಾಪೆಟ್. ಅದರ ಮೇಲೆ ನೀನೇ ಇಟ್ಟ ಮೂರು ಕೆಂಪು ಚುಕ್ಕೆ. ನೆನಪಿಗೆಂದು ಒಯ್ದೆಯೋ, ನಾವು ಓಡದಿರಲಿ ಎಂದು ಒಯ್ದೆಯೋ? ನೆನಪಿಗೆಂದು ಹೇಳಬೇಡ. ಅದಿಲ್ಲದೆ ಇಂಜಿನ್ ಏಳುವುದಿಲ್ಲ ಎಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನೀನು ಬರಬೇಕಾಗಿಲ್ಲ. ಶನಿವಾರದೊಳಗೆ ಅದು ಬಂದರೆ ಸಾಕು.

ಅಮ್ಮ ಆಶೀರ್ವಾದ ತಿಳಿಸಿದ್ದಾಳೆ. ನನ್ನ ನಮಸ್ಕಾರ ಟ್ಯಾಪೆಟ್ ಕೈಸೇರಿದ ಮೇಲೆ.

ಇನ್ನೂ ನಿನ್ನ ತಂಗಿಯೇ ಆಗಿರುವ
ಕರಪತ್ರ

ತಾ.ಕ.: ಅಪ್ಪ ಎಲ್ಲರಿಗೂ “ಆ ಟ್ಯಾಪೆಟ್ ನಾನೇ ಎಲ್ಲೋ ಬೀಳಿಸ್ದೆ” ಎಂದು ಹೇಳಿಕೊಂಡು ತಿರುಗುತ್ತಿದ್ದಾನೆ. ಈಗಲೂ ಕೆಳಗೆ ಬೆಂಚಿನಡಿ ತಲೆ ತೂರಿಸಿ, ಕೆಮ್ಮುತ್ತಾ ಹುಡುಕುತ್ತಿದ್ದಾನೆ. ಆ ಫೋಟೋವನ್ನು ನಮ್ಮೆಲ್ಲರಿಗಿಂತ ಮೊದಲು ನೋಡಿದವನು ಅವನೇ.